ಅವಳಿಯಪ್ಪನ ಮೂರು ಮಧ್ಯಾಹ್ನ

ಮೂರು ದಿನ, ಒಂದು ಮಗು, ಒಂದಿಷ್ಟು ಗುಳ್ಳೆ. ಇದರಲ್ಲಿ ಹೆದರುವಂಥದ್ದು ಏನಿದೆ ಎಂದು ನಾನು ಕೇಳಿದೆ. ಅಬೆಯೊಕುಟಾ ಊರಿನ ಹುಡುಗರ ಶಾಲೆಯಲ್ಲಿ ಹದಿನಾಲ್ಕು ವರ್ಷದಿಂದ ಭೌತಶಾಸ್ತ್ರ ಕಲಿಸುತ್ತ, ಎಪ್ಪತ್ತು ಪುಂಡರನ್ನು ಒಂದೇ ಕೆಮ್ಮಿಗೆ ಕೂರಿಸುವ ಅದೆಗೊಕೆ ಮೇಷ್ಟ್ರು ನಾನು. ಎರಡೂವರೆ ವರ್ಷದ ಮಗಳೊಬ್ಬಳನ್ನು ಸಂಭಾಳಿಸಲಾರೆನೇ!

ಆರು ತಿಂಗಳು ಕಾದ ಮೇಲೆ ಅತ್ತೆಯ ಕಣ್ಣಿನ ಪೊರೆ ತೆಗೆಯಲು ಇಬಾದಾನಿನ ಆಸ್ಪತ್ರೆಯಲ್ಲಿ ದಿನ ಸಿಕ್ಕಿತ್ತು. ಎರಡು ದಿನ ಮೊದಲು ಮಗಳು ಕೆಹಿಂದೆಗೆ ಸೀತಾಳೆ ಸಿಡುಬು ಎದ್ದಿತು. ಮಗುವನ್ನು ನೋಡಿದ ನರ್ಸು ಹೇಳಿದ್ದು ಇಷ್ಟು: "ಗುಳ್ಳೆ ತಾನಾಗಿ ಒಣಗುತ್ತೆ. ಹೊಟ್ಟೆಗೆ ಮಾತ್ರ ಗಂಜಿ ಹೋಗ್ತಾ ಇರ್ಬೇಕು. ತಿನ್ನೋದು ಬಿಟ್ಲೋ, ಕಾಯ್ಬೇಡಿ, ಎತ್ಕೊಂಡು ಬಂದ್ಬಿಡಿ. ಡ್ರಿಪ್ ಹಾಕ್ಬೇಕಾಗುತ್ತೆ."

ಡ್ರಿಪ್ ಎಂದದ್ದೇ ನನ್ನ ಹೆಂಡತಿ ಅಜೋಕೆಯ ಮುಖ ಇಳಿಯಿತು. ಕಾರಣವಿತ್ತು. ನಮಗೆ ಹುಟ್ಟಿದ್ದು ಅವಳಿ. ಮೊದಲು ಬಂದವನು ತೈವೊ. ಹೆಸರೇ ಹೇಳುವ ಹಾಗೆ, ಹಿಂದೆ ಬಂದವಳು ಕೆಹಿಂದೆ. ಒಂಬತ್ತನೆಯ ದಿನ ತೈವೊ ಕೈಗೆ ಡ್ರಿಪ್ ಚುಚ್ಚಿಸಿಕೊಂಡೇ ಹೊರಟುಹೋದ. ಅತ್ತೆ ನಮ್ಮವರ ಪದ್ಧತಿಯಂತೆ ಅವನ ಹೆಸರಲ್ಲಿ ಗೇಣುದ್ದದ ಮರದ ಬೊಂಬೆ ಕೆತ್ತಿಸಿದರು. ಅದಕ್ಕೆ ದಿನಾ ಸ್ನಾನ, ಬಟ್ಟೆ, ಬಾಯಿಗೊಂದು ತುತ್ತು. ಹೋದವನನ್ನು ಮರೆತರೆ ಅವನು ಉಳಿದವಳನ್ನು ಕರೆದುಕೊಳ್ಳುತ್ತಾನಂತೆ. ನಾನು ಆ ಬೊಂಬೆಯನ್ನು ಒಂದು ಸಲವೂ ಮುಟ್ಟಿರಲಿಲ್ಲ. "ಮರ, ಬರೀ ಮರ," ಎಂದು ಎದ್ದುಹೋಗುತ್ತಿದ್ದೆ. ಕೇರಿಯವರು ರೂಢಿಯಂತೆ ನನ್ನನ್ನು ಅವಳಿಯಪ್ಪ ಎಂದು ಕರೆದರೂ ಸಿಡುಕುತ್ತಿದ್ದೆ.

ಅಜೋಕೆಯ ಜೊತೆ ಹೊರಡುವಾಗ ಅತ್ತೆ ಬಾಗಿಲಲ್ಲಿ ನಿಂತು ನಿಯಮಗಳನ್ನು ಹೇಳಿದರು.

"ಅಳಿಯಂದ್ರೇ, ಮನೆಗೆ ಬಯಲ ಒಡೆಯರು ಬಂದಿದ್ದಾರೆ. ಸಿಳ್ಳೆ ಹಾಕ್ಬೇಡಿ. ಕೆಂಪು ಬಟ್ಟೆ ಹಾಕ್ಬೇಡಿ. ನಡುಮಧ್ಯಾಹ್ನ ಅವರು ಓಡಾಡೋ ಹೊತ್ತು, ಆಗ ಕಸ ಗುಡಿಸ್ಬೇಡಿ. ಅವರ ಹೆಸರು ಎತ್ಲೇಬೇಡಿ."

ಬಯಲ ಒಡೆಯರೆಂದರೆ ನಮ್ಮಲ್ಲಿ ಸಿಡುಬಿನ ದೇವರು. "ಸೀತಾಳೆ ಸಿಡುಬು," ಎಂದೆ ಗಟ್ಟಿಯಾಗಿ. "ಅದು ವೈರಸ್ಸು ಅತ್ತೆ. ಅದಕ್ಕೆ ಕಿವಿ ಇಲ್ಲ."

"ನಿಮಗೂ ಇಲ್ಲ ಬಿಡಿ," ಎಂದರು ಅತ್ತೆ. "ತೈವೊಗೆ ಮೂರು ದಿನಕ್ಕಾಗೋಷ್ಟು ಸಿಹಿ ಇಟ್ಟಿದ್ದೀನಿ. ಒಂದ್ಸಲ ಹೋಗಿ ಮಾತಾಡಿಸಿ, ಸಾಕು."

ಅತ್ತೆಯ ಕೋಣೆಯಲ್ಲಿ ಸೋರೆಬುರುಡೆಯ ಬಟ್ಟಲ ತುಂಬ ಸಿಹಿ ಹಿಟ್ಟಿನ ತುಣುಕು ಕರಿದ ಚಿನ್‌ಚಿನ್, ಪಕ್ಕದಲ್ಲಿ ಒಂದು ಚಿಪ್ಪು ಬಾಳೆಹಣ್ಣು. ನೆಲದ ಮೇಲೆ ಚಾಪೆ, ಚಾಪೆಯ ಮೇಲೆ ನೀಲಿ ಬಟ್ಟೆ ಸುತ್ತಿಕೊಂಡ ಬೊಂಬೆ. ನಾನು ಮಾತಾಡಿಸಲಿಲ್ಲ.

ಮೊದಲ ದಿನ ನಾನು ಶಾಲೆಯ ಕೆಂಪು ತಂಡದ ಅಂಗಿ ತೊಟ್ಟು, ಸಿಳ್ಳೆ ಹಾಕುತ್ತ, ಸರಿಯಾಗಿ ಹನ್ನೆರಡೂವರೆಗೆ ಇಡೀ ಮನೆ ಗುಡಿಸಿದೆ. ವಿಜ್ಞಾನಕ್ಕೂ ಒಂದು ಸ್ವಾಭಿಮಾನ ಬೇಡವೇ! ಆಮೇಲೆ ಮಗಳ ಮೈಗೆ ಲೋಷನ್ ಹಚ್ಚಿದೆ. ಹಣೆಗೆ, ಕೆನ್ನೆಗೆ, ಹೊಟ್ಟೆಗೆ ಬೆರಳಿಂದ ಚುಕ್ಕೆ ಇಡುತ್ತ "ಇಲ್ಲೊಂದು, ಇಲ್ಲೊಂದು" ಎಂದು ರಾಗವಾಗಿ ಹಾಡಿದೆ. ಅಳು ನಿಂತಿತು. ಗಂಜಿ ತಂದೆ. ಬಾಯಿಯೊಳಗೂ ಗುಳ್ಳೆ ಇದ್ದದ್ದರಿಂದ ಅವಳು ಬಟ್ಟಲನ್ನು ನೋಡಿದ್ದೇ ಕಿರುಚಿದಳು.

"ನೀ ನೋಡ್ಬೇಡ. ಹೋಗು!"

ಮಕ್ಕಳ ಮನಶ್ಶಾಸ್ತ್ರ ನನಗೆ ಗೊತ್ತು. ಅಜ್ಜಿಯ ಕೋಣೆಯ ಚಾಪೆಯ ಮೇಲೆ ಅವಳನ್ನೂ ಬಟ್ಟಲನ್ನೂ ಬಿಟ್ಟು ಹೊರಗೆ ಬಂದು ಬಾಗಿಲು ಮುಂದೆ ಮಾಡಿಕೊಂಡೆ. ಕಾಲು ಗಂಟೆಯಲ್ಲಿ ಬಟ್ಟಲು ಖಾಲಿ.

"ಪೂರ್ತಿ ತಿಂದ್ಲು," ಎಂದೆ ಫೋನಿನಲ್ಲಿ.

"ನನ್ನ ಕೈಯಲ್ಲೇ ತಿಂದಿಲ್ಲ, ನಿಮ್ಮ ಕೈಯಲ್ಲಿ ತಿಂದ್ಲಾ?" ಎಂದಳು ಅಜೋಕೆ.

"ಕೈಗುಣ ಕಣೇ. ಎಲ್ಲರಿಗೂ ಬರಲ್ಲ."

ಎರಡನೆಯ ಮಧ್ಯಾಹ್ನ ಬಾಗಿಲ ಹೊರಗೆ ನಿಂತಿದ್ದಾಗ ಒಳಗಿನಿಂದ ಪಿಸುಮಾತು ಕೇಳಿಸಿತು. ಮಾತು, ಸ್ವಲ್ಪ ಮೌನ, ಮತ್ತೆ ಮಾತು. ಯಾರೋ ಉತ್ತರ ಕೊಡುತ್ತಿದ್ದಾರೆ, ಅದು ನನಗೆ ಕೇಳಿಸುತ್ತಿಲ್ಲ, ಅಷ್ಟೇ ಎನ್ನುವ ಹಾಗಿತ್ತು. ಒಳಗೆ ಹೋದೆ. ಕೆಹಿಂದೆ ಕೈ ಕಟ್ಟಿಕೊಂಡು ಕೂತಿದ್ದಳು. ಬಟ್ಟಲು ಖಾಲಿ.

"ಜಾಣೆ. ಎಲ್ಲಾ ತಿಂದ್ಯಾ?"

"ತೈವೊ ತಿಂದ," ಎಂದಳು.

ಬೊಂಬೆಯ ಕಡೆ ನೋಡಬಾರದು ಎಂದುಕೊಂಡೆ, ನೋಡಿದೆ. ಹಣೆಯ ಮೇಲೆ ಮೂರು ಗುಳ್ಳೆ. ಕೆನ್ನೆಯ ಮೇಲೆ ಎರಡು. ಉಬ್ಬಿಕೊಂಡು, ನಡುವೆ ಒಣಗಿ ಕುಳಿಬಿದ್ದು, ನನ್ನ ಮಗಳಿಗೆ ಎಲ್ಲೆಲ್ಲಿ ಎದ್ದಿದ್ದವೋ ಅಲ್ಲಲ್ಲೇ. ಸೋರೆಬುರುಡೆಯ ಚಿನ್‌ಚಿನ್ ಅರ್ಧಕ್ಕೆ ಇಳಿದಿತ್ತು. ಬಾಳೆಹಣ್ಣಿನ ಎರಡು ಸಿಪ್ಪೆ ಬೊಂಬೆಯ ಕಾಲ ಬಳಿ ಬಿದ್ದಿದ್ದವು.

ಮರದಲ್ಲಿ ತೇವ ಇದ್ದರೆ ಹೊಪ್ಪಳೆ ಏಳುತ್ತದೆ ಎಂದು ನನಗೆ ನಾನೇ ಪಾಠ ಮಾಡಿದೆ. ಹಾಗಾದರೆ ಬಾಳೆಹಣ್ಣು? ಅದಕ್ಕೆ ಪಠ್ಯಪುಸ್ತಕದಲ್ಲಿ ಉತ್ತರ ಇರಲಿಲ್ಲ. ಕೆಂಪು ಅಂಗಿಯನ್ನು ಬಿಚ್ಚಿ ಹಾಸಿಗೆಯ ಅಡಿಗೆ ತುರುಕಿದೆ. ಸೆಕೆ ಇತ್ತು, ಅದಕ್ಕೇ. ಪೊರಕೆಯನ್ನು ಕಾಂಪೌಂಡಿನ ಆಚೆ ಎಸೆದೆ. ಹಳೆಯದಾಗಿತ್ತು, ಅದಕ್ಕೇ.

ಫೋನಿನಲ್ಲಿ ಅತ್ತೆ ಸಿಕ್ಕರು.

"ಅತ್ತೆ, ಸುಮ್ಮನೆ ಕೇಳ್ತಿದ್ದೀನಿ. ಬಯಲ ಒಡೆಯರು ಅವಳಿಗಳಲ್ಲಿ ಒಬ್ಬರಿಗೆ ಬಂದ್ರೆ, ಇನ್ನೊಬ್ಬರಿಗೂ ಬರ್ತಾರಾ?"

"ನಿನ್ನೆ ತನಕ ಅದು ವೈರಸ್ಸಾಗಿತ್ತಲ್ಲ, ಅಳಿಯಂದ್ರೇ?"

ಮೂರನೆಯ ದಿನ ಮಧ್ಯಾಹ್ನ ಕರೆಂಟು ಹೋಯಿತು. ಫ್ಯಾನು ನಿಂತಿತು. ಬೀದಿಯಲ್ಲಿ ಒಂದು ಮೇಕೆಯ ಸದ್ದೂ ಇಲ್ಲ, ಬಿಸಿಲು ಮಾತ್ರ ಕಿಟಕಿಯ ಪರದೆಯ ಆಚೆ ಯಾರೋ ನಿಂತಿರುವ ಹಾಗೆ ನಿಂತಿತ್ತು. ಒಳಗಿನ ಪಿಸುಮಾತೂ ನಿಂತಿತು. ನಾನು ಬಾಗಿಲು ತಳ್ಳಿದೆ.

ಇಬ್ಬರೂ ಒಂದೇ ಬಟ್ಟೆ ಹೊದ್ದು ಮಲಗಿದ್ದರು. ಮಗಳ ತಲೆಯ ಪಕ್ಕ ಬೊಂಬೆಯ ತಲೆ. ಅದರ ಮೈಯಲ್ಲಿ ಈಗ ಗುಳ್ಳೆಯಿಲ್ಲದ ಜಾಗವೇ ಇರಲಿಲ್ಲ. ಬಾಯಿಯ ಸುತ್ತ ಬಿಳಿಯಾಗಿ ಏನೋ ಒಸರಿತ್ತು. ಮಗಳ ಕೈ ಅದರ ಕೈಯ ಮೇಲಿತ್ತು.

"ಕೆಹಿಂದೆ," ಎಂದೆ. ಅಲುಗಲಿಲ್ಲ. "ಪುಟ್ಟಿ," ಎಂದೆ. ಅಲುಗಲಿಲ್ಲ.

ಕರೆದುಕೊಂಡೇಬಿಟ್ಟ ಎಂದುಕೊಂಡೆ. ನನ್ನ ಹದಿನಾಲ್ಕು ವರ್ಷದ ಭೌತಶಾಸ್ತ್ರ ಬಾಗಿಲ ಹೊರಗೇ ಉಳಿಯಿತು. ನಮ್ಮಲ್ಲಿ ಗಂಡಸು ಹಿರಿಯರಿಗೆ ನಮಸ್ಕರಿಸುವಾಗ ಎದೆ ನೆಲಕ್ಕೆ ತಾಗುವಂತೆ ಉದ್ದಕ್ಕೆ ಮಲಗುತ್ತಾನೆ. ಅರೆಬತ್ತಲೆ ಮೈಯಲ್ಲಿ, ಗೇಣುದ್ದದ ಬೊಂಬೆಯ ಮುಂದೆ, ನಾನು ಹಾಗೆ ಮಲಗಿದೆ.

"ತೈವೊ, ನನ್ನಪ್ಪ," ಎಂದೆ. ಎರಡೂವರೆ ವರ್ಷದಲ್ಲಿ ಆ ಹೆಸರು ನನ್ನ ಬಾಯಿಂದ ಬಂದದ್ದು ಅದೇ ಮೊದಲು. "ತಪ್ಪಾಯ್ತು ಕಣೋ. ನಿನ್ನ ಮರ ಅಂದೆ. ನಿನ್ನ ನೋಡಿದ್ರೆ ಆ ಆಸ್ಪತ್ರೆ ನೆನಪಾಗುತ್ತೆ, ಅದಕ್ಕೇ ನೋಡ್ಲಿಲ್ಲ. ಇವಳನ್ನ ಬಿಟ್ಬಿಡು. ನಿಂಗೆ ಯಾರಾದ್ರೂ ಬೇಕೇಬೇಕು ಅಂದ್ರೆ ನನ್ನ ಕರಿ, ಬರ್ತೀನಿ."

ತಣ್ಣಗಿನ ಬೆರಳೊಂದು ನನ್ನ ನೆತ್ತಿಯ ಮೇಲೆ ಒತ್ತಿತು.

"ಇಲ್ಲೊಂದು," ಎಂದಿತು ದನಿ.

ನಾನು ಹಾಕಿದ ಕೂಗಿಗೆ ಮೂರು ಬೀದಿಯ ಕೋಳಿಗಳು ಎದ್ದವಂತೆ. ತಲೆ ಎತ್ತಿದರೆ ಕೆಹಿಂದೆ ಬೆರಳನ್ನು ಗಂಜಿಗೆ ಅದ್ದಿ ನನ್ನ ಮೂಗಿಗೆ ಗುರಿಯಿಡುತ್ತಿದ್ದಳು. ಬಾಗಿಲಲ್ಲಿ ಇಬಾದಾನಿನ ಬಸ್ಸಿನಿಂದ ಇಳಿದು ಬಂದ ಅಜೋಕೆ ನಿಂತಿದ್ದಳು. ಹಿಂದೆ ಒಂದು ಕಣ್ಣಿಗೆ ಪಟ್ಟಿ ಕಟ್ಟಿಕೊಂಡ ಅತ್ತೆ.

"ಒಂದೇ ಕಣ್ಣಲ್ಲಿ ನೋಡ್ತಿದ್ದೀನಿ, ತಪ್ಪಿದ್ರೆ ಹೇಳಿ," ಎಂದರು ಅತ್ತೆ. "ಇಲ್ಲಿ ಮೂರು ಮಕ್ಕಳಿವೆ. ಮೂರಕ್ಕೂ ಎದ್ದಿದೆ."

ಅಜೋಕೆ ಬೊಂಬೆಯ ಹಣೆಯ ಗುಳ್ಳೆಯೊಂದನ್ನು ಉಗುರಿನಲ್ಲಿ ಕೆರೆದು ಮೂಸಿದಳು.

"ಗಂಜಿ. ಹುಳಿ ಬಂದಿದೆ. ಸುತ್ತಿದ ಬಟ್ಟೆಯೂ ಗಂಜಿಯಲ್ಲಿ ಬಿರುಸಾಗಿದೆ." ಅವಳ ದನಿ ಸಣ್ಣದಾಯಿತು. "ಮೂರು ದಿನದಿಂದ ಗಂಜಿಯೆಲ್ಲ ಇದರ ಮೈಮೇಲಿದ್ರೆ, ಮಗು ಏನು ತಿಂದಿದೆ?"

ನರ್ಸಿನ ಮಾತು ಆಗ ನೆನಪಾಯಿತು. ಕೈಗುಣವಂತೆ! ಮೂರು ದಿನ ಬಾಗಿಲ ಹೊರಗೆ ನಿಂತು, ಖಾಲಿ ಬಟ್ಟಲಿಗೆ ಬೆನ್ನು ತಟ್ಟಿದ್ದೆ.

ಕೆಹಿಂದೆ ಸೋರೆಬುರುಡೆಯನ್ನು ಎತ್ತಿ ಬೋರಲು ಹಾಕಿ ತೋರಿಸಿದಳು. ಒಂದು ಚೂರೂ ಉಳಿದಿರಲಿಲ್ಲ. ಚಾಪೆಯ ಅಡಿಯಿಂದ ಬಾಳೆಸಿಪ್ಪೆಗಳು ಹೊರಬಂದವು, ಒಟ್ಟು ಏಳು.

"ತೈವೊದು ನಂಗೆ," ಎಂದಳು. "ನಂದು ತೈವೊಗೆ."

ಅಜೋಕೆ ಮಗಳ ಹೊಟ್ಟೆ ಮುಟ್ಟಿ ನೋಡಿದಳು, ಹಣೆ ಮುಟ್ಟಿ ನೋಡಿದಳು. ಜ್ವರ ಇರಲಿಲ್ಲ, ಹೊಟ್ಟೆ ತಮಟೆಯ ಹಾಗೆ ಬಿಗಿದಿತ್ತು. "ನೀರು ಕುಡಿದ್ಯಾ?" ಎಂದು ಕೇಳಿದರೆ ಬೊಂಬೆಯ ಸ್ನಾನದ ಚೊಂಬನ್ನು ತೋರಿಸಿದಳು. ಅಜೋಕೆ ಅಲ್ಲೇ ಕುಸಿದು ಕೂತು ನಕ್ಕಳು. ನಗುತ್ತ ನಗುತ್ತ ಕಣ್ಣೊರೆಸಿಕೊಂಡಳು.

"ಅದಕ್ಕೇ ಮಗು ಉಳೀತು," ಎಂದರು ಅತ್ತೆ. "ಅಣ್ಣ ತನ್ನ ಪಾಲು ಕೊಟ್ಟ. ಅಪ್ಪನ್ನ ನಂಬಿದ್ರೆ ಅಷ್ಟೇ."

ಸಂಜೆಯ ಹೊತ್ತಿಗೆ ಅಜೋಕೆ ಹೊಸ ಗಂಜಿ ಕಾಯಿಸಿ, ತಣ್ಣಗಾಗಿಸಿ, ಎದುರಿಗೇ ಕೂತು ಮಗಳಿಗೆ ತಿನ್ನಿಸಿದಳು. ನನ್ನ ಮುಂದೆ ಒಂದು ಬೋಗುಣಿ ಉಗುರುಬೆಚ್ಚಗಿನ ನೀರು ಬಂತು, ಮೇಲೆ ಒಂದು ಮೆತ್ತನೆಯ ಬಟ್ಟೆ, ಆಮೇಲೆ ಮಡಿಲಿಗೆ ಬೊಂಬೆ. ಅದು ನಾನು ಅಂದುಕೊಂಡದ್ದಕ್ಕಿಂತ ಹಗುರ. ಹುಟ್ಟಿದ ದಿನ ತೈವೊನೂ ಹಾಗೇ ಇದ್ದ. ಹಣೆ ನೆನೆಸಿದೆ, ಕೆನ್ನೆ ನೆನೆಸಿದೆ, ಕಿವಿಯ ಹಿಂದೆ ಗಟ್ಟಿಯಾಗಿದ್ದ ಗಂಜಿಯನ್ನು ಬಟ್ಟೆಯ ತುದಿಯಿಂದ ಬಿಡಿಸತೊಡಗಿದೆ.

ಅಜೋಕೆ ತುಂಬ ಹೊತ್ತು ನೋಡುತ್ತ ನಿಂತಿದ್ದಳು.

"ಮೇಷ್ಟ್ರೇ, ಬರೀ ಮರ ತಾನೇ? ಗಸಗಸ ಉಜ್ಜಿ. ಅಷ್ಟು ಮೆಲ್ಲಗೆ ಯಾಕೆ?"

"ಸುಮ್ಮನಿರೇ," ಎಂದೆ. "ಕಣ್ಣಿಗೆ ನೀರು ಹೋಗುತ್ತೆ."