ನನ್ನ ಫೋನಲ್ಲಿ ಸರಿಯಾಗೇ ಇತ್ತು

ಬೇರೆಯವರು ಕೆಲಸದಲ್ಲಿ ತಪ್ಪು ಮಾಡಿದರೆ ಅದು ಒಂದು ತಪ್ಪು. ನಾನು ಚಾಮರಾಜನಗರದಲ್ಲಿ ಕೂತು ಮಾಡಿದ ಒಂದೇ ತಪ್ಪು ಗುಂಡ್ಲುಪೇಟೆಯಲ್ಲಿ ಒಂದು ಥರ, ಹಂಗಳದಲ್ಲಿ ಇನ್ನೊಂದು ಥರ, ಹರವೆಯಲ್ಲಿ ಮತ್ತೊಂದು ಥರ ಕಾಣುತ್ತೆ. ಯಾಕೆಂದರೆ ನಾನು ವೆಬ್‌ಸೈಟ್ ಮಾಡೋನು. ಒಂದೇ ಪುಟ ಒಂದು ಬ್ರೌಸರಿನಲ್ಲಿ ನೆಟ್ಟಗೆ ನಿಂತಿರುತ್ತೆ, ಇನ್ನೊಂದರಲ್ಲಿ ಮಗುಚಿ ಬಿದ್ದಿರುತ್ತೆ. ಹಾಗಾಗಿ ನನಗೆ ಮರ್ಯಾದೆ ಹೋಗೋದೂ ಒಂದೊಂದು ಊರಿನಲ್ಲಿ ಒಂದೊಂದು ಥರ.

ಮೊದಲು ಬದನಗುಪ್ಪೆಯ ಒಂದು ಫ್ಯಾಕ್ಟರಿಯಲ್ಲಿ ಪ್ಯಾಕಿಂಗ್ ಸೂಪರ್‌ವೈಸರ್ ಆಗಿದ್ದೆ. ವೀಡಿಯೊ ನೋಡಿ ನೋಡಿ ಈ ವಿದ್ಯೆ ಕಲಿತು, ತಲೆ ತಿರುಗಿ, ಕೆಲಸ ಬಿಟ್ಟುಬಿಟ್ಟೆ. ನನ್ನ ಹೆಂಡತಿ ಹೈಸ್ಕೂಲಿನಲ್ಲಿ ಗಣಿತದ ಟೀಚರು. ಅವಳು ಜಗಳ ಆಡಲಿಲ್ಲ, ಗಡುವು ಕೊಟ್ಟಳು.

"ನೋಡ್ರೀ, ಒಂದು ವರ್ಷ. ಅಷ್ಟರೊಳಗೆ ಒಬ್ರಾದ್ರೂ ಕಾಯಂ ಗಿರಾಕಿ ಹಿಡೀರಿ. ಇಲ್ದಿದ್ರೆ ವಾಪಸ್ ಫ್ಯಾಕ್ಟರಿ. ಆಮೇಲೆ ಮಾತಿಲ್ಲ."

ನಾನು ಒಪ್ಪಿದೆ. ಒಪ್ಪಿದ ಮೇಲೆ ನೆನಪಾಯಿತು. ಫ್ಯಾಕ್ಟರಿ ಬಿಡುವ ದಿನ ಎಲ್ಲರಿಗೂ ಮೈಸೂರುಪಾಕ್ ಹಂಚಿ, "ಇನ್ಮೇಲೆ ನಂಗೆ ನಾನೇ ಯಜಮಾನ" ಅಂತ ಭಾಷಣ ಬೇರೆ ಬಿಗಿದು ಬಂದಿದ್ದೆ. ಯಾವ ಮುಖ ಇಟ್ಟುಕೊಂಡು ಮತ್ತೆ ಆ ಗೇಟಿನೊಳಗೆ ಹೋಗೋದು?

ಅರಿಶಿನದಂಗಡಿ ಭಾಯ್

ಮೊದಲ ಗಿರಾಕಿ ಗುಂಡ್ಲುಪೇಟೆಯ ಒಬ್ಬ ಅರಿಶಿನದ ವ್ಯಾಪಾರಿ. ಊರಿಗೆಲ್ಲ ಅವರು ಭಾಯ್. ವೆಬ್‌ಸೈಟ್ ಮಾಡಿಕೊಟ್ಟು ನಾನು ಎದೆ ಉಬ್ಬಿಸಿಕೊಂಡು ಮನೆಗೆ ಬಂದೆ. ಮಾರನೆಯ ದಿನ ಬೆಳಗ್ಗೆ ಅವರ ಫೋನು.

"ಏನಪ್ಪ, ನನ್ ಅಂಗಡಿ ಹೆಸರಿನ ಮೇಲೆ ಅರಿಶಿನದ ಕೊಂಬು ಬಂದು ಕೂತವಲ್ಲ?"

ಬಸ್ ಹಿಡಿದು ಓಡಿದೆ. ಅವರ ಹಳೇ ಫೋನಿನಲ್ಲಿ ನೋಡಿದರೆ ಅರಿಶಿನದ ಕೊಂಬಿನ ಫೋಟೋ ಹೋಗಿ ಅಂಗಡಿಯ ಹೆಸರನ್ನ ಪೂರ್ತಿ ಮುಚ್ಚಿಬಿಟ್ಟಿದೆ. ಕೆಳಗಿನ ವಿಳಾಸ ಅರ್ಧ ಪರದೆಯ ಒಳಗೆ, ಅರ್ಧ ಆಚೆ. ನನ್ನ ಕಸುಬಿನವರು ಇಂಥ ಹೊತ್ತಿನಲ್ಲಿ ಹೇಳೋ ಮಾತು ಒಂದೇ. ನಾನೂ ಅದನ್ನೇ ಹೇಳಿದೆ.

"ನನ್ನ ಫೋನಲ್ಲಿ ಸರಿಯಾಗೇ ಇದೆ ನೋಡಿ ಭಾಯ್."

ಭಾಯ್ ನನ್ನ ಫೋನನ್ನ ಕೈಗೆ ತಗೊಂಡು ಮೇಲೆ ಕೆಳಗೆ ನೋಡಿದರು. "ಹೌದು, ಇದ್ರಲ್ಲಿ ಚೆನ್ನಾಗೇ ಅದ" ಅಂದರು. ಆಮೇಲೆ ಅದನ್ನ ಗಲ್ಲಾಪೆಟ್ಟಿಗೆಯ ಒಳಗಿಟ್ಟು ಮುಚ್ಚಳ ಹಾಕಿದರು. "ಇದು ಇಲ್ಲೇ ಇರ್ಲಿ. ಬಂದ ಗಿರಾಕಿಗಳಿಗೆ ಇದ್ರಲ್ಲೇ ತೋರಿಸ್ತೀನಿ. ನಂದ್ರಲ್ಲೂ ಸರಿ ಮಾಡಿ, ಆಮೇಲೆ ತಗೊಂಡೋಗಿ."

ಮೂರು ದಿನ ಫೋನಿಲ್ಲದೆ ಇದ್ದೆ. ಹೆಂಡತಿ ಮಧ್ಯಾಹ್ನ ಸ್ಕೂಲಿನಿಂದ ನನಗೆ ಫೋನ್ ಮಾಡಿದರೆ ಭಾಯ್ ಎತ್ತಿ, "ನಿಮ್ಮವ್ರದ್ದು ಇನ್ನೂ ರಿಪೇರಿ ಮುಗಿದಿಲ್ಲಮ್ಮ, ಅರಿಶಿನ ಏನಾದ್ರೂ ಬೇಕಾಗಿತ್ತಾ?" ಅಂತ ಕೇಳುತ್ತಿದ್ದರಂತೆ.

ನಟ್ಟನಡುವೆ

ಎರಡನೆಯದು ಒಂದು ಕಲ್ಯಾಣ ಮಂಟಪ. ಇರೋ ಕೆಲಸ ಇಷ್ಟೇ: ಒಂದು ಚೌಕದ ನಟ್ಟನಡುವೆ ಮಂಟಪದ ಹೆಸರು ನಿಲ್ಲಬೇಕು. ಕೇಳಿದವರಿಗೆ ಇದೇನು ಮಹಾ ಅನ್ನಿಸುತ್ತೆ. ಒಂದು ಬ್ರೌಸರಿನಲ್ಲಿ ನಡುವೆ ನಿಲ್ಲಿಸಿದರೆ ಇನ್ನೊಂದರಲ್ಲಿ ಹೆಸರು ಮೇಲಕ್ಕೆ ಹೋಗಿ ಅಂಟಿಕೊಳ್ಳುತ್ತಿತ್ತು. ಅಲ್ಲಿಂದ ಇಳಿಸಿದರೆ ಇಲ್ಲಿ ಚೌಕದಿಂದಲೇ ಕೆಳಗೆ ಬೀಳುತ್ತಿತ್ತು. ಮಂಟಪದ ಆಫೀಸಿನಲ್ಲೇ ಲ್ಯಾಪ್‌ಟಾಪ್ ಇಟ್ಟುಕೊಂಡು ಎರಡು ದಿನ ಕೂತೆ.

ಸ್ಟೇಜಿಗೆ ಹೂವಿನ ಅಲಂಕಾರ ಮಾಡೋನೊಬ್ಬ ಟೀ ಕುಡಿಯೋಕೆ ಬಂದವನು ನನ್ನ ಬೆನ್ನ ಹಿಂದೆ ನಿಂತ.

"ಏನ್ ಸಾ, ನಿನ್ನೆಯಿಂದ ಅದೊಂದ್ ಹೆಸ್ರನ್ನೇ ನೋಡ್ತಾ ಕುಂತಿದ್ದರಿ?"

"ನಡುವಿಗೆ ಬರ್ತಾ ಇಲ್ಲ ಕಣಣ್ಣ."

ಅವನು ಗ್ಲಾಸು ಕೆಳಗಿಟ್ಟು ಸ್ಟೇಜಿಗೆ ಹೋದ. ಹೂ ಕಟ್ಟೋ ದಾರವನ್ನ ಹಿಂದಿನ ಪರದೆಯ ಈ ತುದಿಯಿಂದ ಆ ತುದಿಗೆ ಎಳೆದ, ಎರಡಾಗಿ ಮಡಚಿದ, ಮಡಚಿದ ಕಡೆ ಗುರುತು ಮಾಡಿ ಗಂಡು ಹೆಣ್ಣಿನ ಹೆಸರಿನ ಬೋರ್ಡು ನೇತುಹಾಕಿದ. ಟೀ ಇನ್ನೂ ಆರಿರಲಿಲ್ಲ. ವಾಪಸ್ ಬಂದು ಗ್ಲಾಸು ಎತ್ತಿಕೊಂಡು ನನ್ನ ಕಡೆ ಕನಿಕರದಿಂದ ನೋಡಿದ.

"ದಾರ ಕೊಟ್ಟೋಗ್ಲಾ ಸಾ?"

ಬಸ್ಸಿನಲ್ಲಿ ಪರೀಕ್ಷೆ

ಇಷ್ಟಾದ ಮೇಲೆ ಬುದ್ಧಿ ಬಂತು. ಎಲ್ಲ ಥರದ ಫೋನಿನಲ್ಲೂ ನೋಡಿಯೇ ಕೆಲಸ ಒಪ್ಪಿಸಬೇಕು. ಅಷ್ಟು ಫೋನು ಕೊಳ್ಳೋಕೆ ನಾನೇನು ಅಂಗಡಿ ಇಟ್ಟಿದ್ದೀನಾ? ಅದಕ್ಕೆ ಗುಂಡ್ಲುಪೇಟೆಗೆ ಹೋಗಿ ಬರುವ ಬಸ್ಸಿನಲ್ಲಿ ಪಕ್ಕದವರ ಫೋನನ್ನೇ ಕೇಳಿ ಇಸ್ಕೊಂಡು ನೋಡೋಕೆ ಶುರು ಮಾಡಿದೆ. ಕೆಲವರು ಕೊಟ್ಟರು. ಕೆಲವರು ಜೇಬು ಒತ್ತಿಕೊಂಡು ಬೇರೆ ಸೀಟಿಗೆ ಹೋದರು.

ಒಂದು ದಿನ ಪಕ್ಕದಲ್ಲಿ ಚೆಂಡು ಹೂವಿನ ಚೀಲ ಇಟ್ಟುಕೊಂಡು ಒಬ್ಬ ಅಜ್ಜಿ ಕೂತಿದ್ದರು. ಕೇಳಿದ್ದೇ ತಡ ಫೋನ್ ಕೊಟ್ಟರು. ನನ್ನ ಪುಟ ತೆಗೆದು ನೋಡಿದರೆ ಎಲ್ಲ ಚೆಲ್ಲಾಪಿಲ್ಲಿ. ಅಜ್ಜಿ ಕಣ್ಣು ಮಂಜು ಅಂತ ಫೋನಿನ ಅಕ್ಷರ ದೊಡ್ಡದು ಮಾಡಿಸಿಕೊಂಡಿದ್ದರು. ಅಷ್ಟು ದಪ್ಪ ಅಕ್ಷರಕ್ಕೆ ನನ್ನ ಪುಟದಲ್ಲಿ ಜಾಗವೇ ಇರಲಿಲ್ಲ.

ಬುದ್ಧಿ ಇದ್ದೋನು ಪುಟ ಸರಿ ಮಾಡುತ್ತಿದ್ದ. ನಾನು ಅಜ್ಜಿಯ ಫೋನಿನ ಅಕ್ಷರ ಚಿಕ್ಕದು ಮಾಡಿದೆ. ಪುಟ ಗೆರೆ ಎಳೆದ ಹಾಗೆ ಕೂತುಕೊಂಡಿತು. ಖುಷಿಯಾಗಿ ಹೋಯಿತು. "ಸರಿಹೋಯ್ತು ಅಜ್ಜಿ" ಅಂತ ವಾಪಸ್ ಕೊಟ್ಟೆ.

ಅಜ್ಜಿ ಫೋನನ್ನ ಹತ್ತಿರ ಹಿಡಿದರು, ದೂರ ಹಿಡಿದರು. "ಏನ್ ಸರಿಹೋಯ್ತು ಮಗ? ನನ್ ಮಗಳ ಹೆಸ್ರೇ ಕಾಣ್ದಲ್ಲ. ಇಳಿದ್ಮೇಲೆ ಯಾರಿಗೆ ಫೋನ್ ಮಾಡ್ಲಿ?"

ಬಸ್ಸಿನವರೆಲ್ಲ ತಿರುಗಿ ನೋಡಿದರು. ಏನಾಯಿತು ಅಂತ ಕಂಡಕ್ಟರ್ ಕೇಳಿದರು. ನಾನು ನಾಚಿಕೊಂಡು ಎಲ್ಲ ವಿವರಿಸಿದೆ. ಅವರು ಶಾಂತವಾಗಿ ಕೇಳಿಸಿಕೊಂಡು ಹಿಂದಿನ ಸೀಟಿನವರಿಗೆ ಒಂದೇ ಮಾತಿನಲ್ಲಿ ಹೇಳಿದರು.

"ಹೊಲ್ದಿರೋ ಶರ್ಟು ಬಿಗಿ ಆಯ್ತದ ಅಂತ ಟೈಲರ್ರು ಮೈಯ್ಯನ್ನೇ ಕತ್ತರಿಸ್ಬುಟ್ಟವ್ರೆ."

ಐದು ಜನ ಡೈರೆಕ್ಟರು

ಹೆಂಡತಿಯ ಗಡುವಿನಲ್ಲಿ ಒಂದು ತಿಂಗಳು ಉಳಿದಿತ್ತು. ಕಾಯಂ ಗಿರಾಕಿ ಒಬ್ಬರೂ ಇಲ್ಲ. ಅಷ್ಟರಲ್ಲಿ ಗುಂಡ್ಲುಪೇಟೆ ಕಡೆಯ ಒಂದು ಹೂ ಬೆಳೆಗಾರರ ಸಂಘದವರು ಕರೆದರು. ವೆಬ್‌ಸೈಟ್ ಮಾಡು, ಮೀಟಿಂಗಿನಲ್ಲಿ ಐದೂ ಜನ ಡೈರೆಕ್ಟರು ಒಪ್ಪಿದರೆ ವರ್ಷವರ್ಷವೂ ನೋಡಿಕೊಳ್ಳೋ ಕೆಲಸ ನಿಂಗೇ ಅಂದರು. ಇದು ಕೈತಪ್ಪಿದರೆ ಬದನಗುಪ್ಪೆಯ ಬಸ್ಸೇ ಗತಿ.

ಐದು ಜನರ ಫೋಟೋ ಸಾಲಾಗಿ ಹಾಕಿದೆ. ಸಂಘದ ಪದ್ಧತಿಯಂತೆ ಅಧ್ಯಕ್ಷರು ನಡುವೆ, ಆ ಕಡೆ ಇಬ್ಬರು, ಈ ಕಡೆ ಇಬ್ಬರು. ಕಂಪ್ಯೂಟರಿನಲ್ಲಿ ಲಕ್ಷಣವಾಗಿತ್ತು. ಫೋನಿನಲ್ಲಿ ಅಷ್ಟು ಅಗಲ ಇರಲ್ಲವಲ್ಲ, ಅಡ್ಡ ಇದ್ದ ಫೋಟೋಗಳು ಒಂದರ ಕೆಳಗೊಂದು ಬಂದವು. ನಡುವೆ ಇದ್ದ ಅಧ್ಯಕ್ಷರು ಮೂರನೆಯವರಾದರು. ಎಡತುದಿಯಲ್ಲಿದ್ದವರು ಎಲ್ಲರಿಗಿಂತ ಮೇಲೆ ಹೋದರು. ಅವರು ಚುನಾವಣೆಯಲ್ಲಿ ಅಧ್ಯಕ್ಷರ ಎದುರು ನಿಂತು ಸೋತಿದ್ದವರು. ಸುಮ್ಮನಿರುತ್ತಾರಾ? ಫೋನಿನ ಪರದೆಯ ಫೋಟೋ ಹೊಡೆದು ಸಂಘದ ಗ್ರೂಪಿಗೆ ಹಾಕಿದರು.

ಅಧ್ಯಕ್ಷರ ಫೋನು ಬಂತು. "ಯಾಕಪ್ಪ, ನಾನೇನ್ ರಾಜೀನಾಮೆ ಕೊಟ್ಬುಟ್ನಾ?"

ಕೂಡಲೇ ಫೋನಿನಲ್ಲೂ ಅವರನ್ನ ಮೇಲಕ್ಕೆ ತಂದೆ. ಸರಿ ಅಂದುಕೊಂಡರೆ ಉಳಿದ ನಾಲ್ಕು ಜನ ಒಬ್ಬೊಬ್ಬರಾಗಿ ಫೋನ್ ಮಾಡಿದರು. ಎಲ್ಲರದೂ ಒಂದೇ ರಾಗ. "ಕಂಪ್ಯೂಟರ್‌ನಾಗೆ ಅವ್ರೇ ನಡುವೆ ಇರ್ಲಿ ಕಣಪ್ಪ. ನನ್ ಫೋನಾಗೆ ಮಾತ್ರ ನನ್ನನ್ನೇ ಮೇಲೆ ಹಾಕ್ಬುಡು. ಮನೇವ್ರಿಗೆ ತೋರಿಸ್ಬೇಕು. ಮೀಟಿಂಗ್‌ನಾಗೆ ಕೈ ಎತ್ಬೇಕೋ ಬ್ಯಾಡ್ವೋ ನೀನೇ ಯೋಚ್ನೆ ಮಾಡು." ನಾನು ನಾಲ್ಕು ಜನಕ್ಕೂ ಹ್ಞೂಂ ಅಂದೆ. ಇಲ್ಲ ಅನ್ನೋಕೆ ಬಾಯಿ ಬಂದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ದೇವರ ದಯೆ, ಐದು ಜನರ ಹತ್ತಿರವೂ ಬೇರೆ ಬೇರೆ ಫೋನು. ಪರದೆಯ ಅಗಲ ಒಂದರದು ಇನ್ನೊಂದಕ್ಕೆ ಇಲ್ಲ. ಇಷ್ಟು ಅಗಲದ ಪರದೆಯಾದರೆ ಹೀಗೆ ಕಾಣು, ಅಷ್ಟಾದರೆ ಹಾಗೆ ಕಾಣು ಅಂತ ಕೋಡಿನಲ್ಲಿ ಬರೆಯಬಹುದು. ಪುಟ ಎಲ್ಲ ಫೋನಿನಲ್ಲೂ ಅಂದವಾಗಿ ಕಾಣಲಿ ಅಂತ ದೊಡ್ಡವರು ಮಾಡಿಟ್ಟ ಅನುಕೂಲ ಅದು. ಅದನ್ನ ಹಿಡಿದು ನಾನು ಪ್ರತಿಯೊಬ್ಬ ಡೈರೆಕ್ಟರನ್ನೂ ಅವರವರ ಫೋನಿನಲ್ಲಿ ಮೇಲೆ ಕೂರಿಸಿದೆ.

ಮೀಟಿಂಗಿನಲ್ಲಿ ಐದೂ ಜನ ತಂತಮ್ಮ ಫೋನ್ ನೋಡಿಕೊಂಡು ಒಳಗೊಳಗೇ ನಕ್ಕರು. "ಪರವಾಗಿಲ್ಲ, ಕೆಲ್ಸ ಗೊತ್ತು ಹುಡುಗ್ನಿಗೆ" ಅಂತ ಅಧ್ಯಕ್ಷರು ಹೇಳಿದಾಗ ನನಗೆ ಕಣ್ಣಲ್ಲಿ ನೀರೇ ಬಂತು. ಕೈ ಎತ್ತುವ ಹೊತ್ತಿಗೆ ಬಲತುದಿಯ ಡೈರೆಕ್ಟರು ಎತ್ತಿದ ಕೈಯನ್ನ ಹಾಗೇ ನಿಲ್ಲಿಸಿ ಪಕ್ಕದವರ ಫೋನಿಗೆ ಬಗ್ಗಿದರು.

"ಇದೇನ್ಲಾ, ನಿನ್ ಫೋನಾಗೆ ನೀನೇ ಮೇಲಿದ್ದೀಯ?"

"ನಿಂದ್ ತೋರ್ಸ್ಲಾ ಮೊದ್ಲು."

ಐದು ಫೋನು ಮೇಜಿನ ಮೇಲೆ ಸಾಲಾಗಿ ಬಂದವು. ಐದರಲ್ಲಿ ಐದು ಜನ ಮೇಲೆ. ಫ್ಯಾಕ್ಟರಿಯ ಗೇಟು ನನ್ನ ಕಣ್ಣ ಮುಂದೆ ಬಂತು.

"ತಪ್ಪಾಯ್ತು ಸಾ. ಕೆಲಸ ಹೋಗುತ್ತೆ ಅಂತ ಹೆದರಿ ಎಲ್ಲರಿಗೂ ಹ್ಞೂಂ ಅಂದ್ಬಿಟ್ಟೆ" ಅಂತ ಎದ್ದು ನಿಂತು ಹೇಳಿದೆ.

ಅಧ್ಯಕ್ಷರು ಐದು ಫೋನನ್ನೂ ಒಂದೊಂದಾಗಿ ನೋಡಿದರು. ಆಮೇಲೆ ನಾಲ್ಕು ಜನರ ಮುಖ ನೋಡಿದರು. "ಈ ಕಮಿಟಿ ಆದಾಗ್ನಿಂದ ಇವ್ರು ನಾಲ್ಕು ಜನ ಒಂದೇ ದಿನ ನಕ್ಕಿದ್ದ ನಾನು ನೋಡ್ನಿಲ್ಲ ಕಣಪ್ಪ. ಹಿಂಗೇ ಇರ್ಲಿ ಬುಡು" ಅಂದು ಕೈ ಎತ್ತಿದರು. ಉಳಿದವರೂ ಎತ್ತಿದರು. ಸಂಘದ ಕಾರ್ಯದರ್ಶಿ, ಮಾತು ಕಡಿಮೆ ಇರೋ ಹೆಂಗಸು, ನಡಾವಳಿ ಪುಸ್ತಕ ಎಳೆದುಕೊಂಡು ಬರೆದು ಓದಿದರು.

"ವೆಬ್‌ಸೈಟಿನ ವಾರ್ಷಿಕ ನಿರ್ವಹಣೆಯನ್ನು ಸದರಿಯವರಿಗೇ ವಹಿಸಲು, ಹಾಗೂ ಆಡಳಿತ ಮಂಡಳಿಯ ಅವಧಿ ಮುಗಿಯುವವರೆಗೆ ಯಾವ ನಿರ್ದೇಶಕರೂ ಫೋನ್ ಬದಲಾಯಿಸದಿರಲು ಸರ್ವಾನುಮತದಿಂದ ತೀರ್ಮಾನಿಸಲಾಯಿತು."

ಮನೆಗೆ ಬಂದು ಹೆಂಡತಿಗೆ ಎಲ್ಲ ಹೇಳಿದೆ. ಅವಳು ನಗಲಿಲ್ಲ, ಲೆಕ್ಕದ ಟೀಚರಲ್ಲವಾ, ಯೋಚನೆ ಮಾಡಿದಳು. "ಅಂದ್ರೆ ಅದ್ರಲ್ಲಿ ಒಂದು ಫೋನ್ ಒಡೆದ್ರೂ ನೀವು ಫ್ಯಾಕ್ಟರಿಗೆ" ಅಂದಳು.

ಮಾರನೆಯ ಬೆಳಗ್ಗೆ ಮೊದಲ ಬಸ್ಸಿಗೇ ಗುಂಡ್ಲುಪೇಟೆಗೆ ಹೋದೆ. ಐದೂ ಜನರ ತೋಟ ಹುಡುಕಿಕೊಂಡು ಹೋಗಿ, ಐದೂ ಫೋನಿಗೆ ನನ್ನ ಕೈಯಾರೆ ದಪ್ಪ ಗಾಜು ಅಂಟಿಸಿ, ರಬ್ಬರಿನ ಕವರು ಹಾಕಿ, ಜೇಬಿನಲ್ಲಿ ಫೋನಿಟ್ಟುಕೊಂಡು ಬಾವಿಗೆ ಮಾತ್ರ ಬಗ್ಗಬೇಡಿ ಯಜಮಾನ್ರೆ ಅಂತ ಕೈಮುಗಿದು ಬಂದೆ.