ಮಾವನ ಕೋಳಿಗೂಡಿನ ಅಡ್ಡಕೋಲು

ನನ್ನ ಸೋದರಮಾವನಷ್ಟು ಹೊತ್ತು ಕೋಳಿಗೂಡಿನಲ್ಲಿ ಕೂತವರು ಕೋಳಿಗಳಲ್ಲೂ ಇಲ್ಲ!

ಮಾವ ವಾಮದಪದವು ಎಂಬ ಊರಿನವರು, ಬಸ್ ಓಡಿಸಿ ನಿವೃತ್ತರಾದವರು. ಇಡೀ ಆಯುಷ್ಯ ಡ್ರೈವರ್ ಸೀಟಿನಲ್ಲಿ ಕಳೆದವರಿಗೆ ಕೂರುವ ಜಾಗದ ಬಗ್ಗೆ ಅಭಿಪ್ರಾಯಗಳಿರುವುದು ಸಹಜವೇ. ಆದರೆ ಕೋಳಿ ಕೂರುವ ಜಾಗದ ಬಗ್ಗೆ? ಹಿತ್ತಿಲಲ್ಲಿ ಹೊಸ ಗೂಡು ಎದ್ದ ದಿನವೇ ಘೋಷಿಸಿದರು: "ಕೋಳಿ ನೆಲದಲ್ಲಿ ಮಲಗಬಾರದು ಮಾರಾಯ. ಎತ್ತರದಲ್ಲಿ ಒಂದು ಅಡ್ಡಕೋಲು ಬೇಕು. ಸರಿಯಾದ್ದು ಮಾಡುವ."

ಆ "ಮಾಡುವ"ದಲ್ಲಿ ನಾನೂ ಸೇರಿದ್ದೇನೆಂದು ಗೊತ್ತಾದದ್ದು ಆಮೇಲೆ. ಬಂಟ್ವಾಳದಲ್ಲಿ ನಿದ್ದೆ ಮಾಡಬೇಕಾದ ನನ್ನ ಭಾನುವಾರಗಳೆಲ್ಲ ಆ ಗೂಡಿನ ಪಾಲಾದವು.

ಮೊದಲು, ಪಂಪಿಗೆ ತಂದು ಉಳಿದಿದ್ದ ಪಿವಿಸಿ ಪೈಪು ಕಟ್ಟಿದರು. ಕೋಳಿಗಳು ಹತ್ತಿದವು, ಜಾರಿದವು, ಮಾವನನ್ನು ದುರುಗುಟ್ಟಿ ನೋಡಿದವು. ಅಡುಗೆಮನೆಯ ಕಿಟಕಿಯಿಂದ ಅತ್ತೆ ಕೂಗಿದರು: "ಅವಕ್ಕೆ ಸರ್ಕಸ್ ಕಲಿಸ್ತೀರಾ ಹೇಗೆ?"

ಪೈಪು ಹೋಗಿ ಏಣಿ ಬಂತು. ಈಗ ಎಲ್ಲರಿಗೂ ಮೇಲಿನ ಮೆಟ್ಟಿಲೇ ಬೇಕು! ಸಂಜೆಯಾದರೆ ಗೂಡಿನಲ್ಲಿ ಪಂಚಾಯತ್ ಚುನಾವಣೆಯ ಗದ್ದಲ. ಹುಂಜ ಎಲ್ಲರನ್ನೂ ತಳ್ಳಿ ಮೇಲೆ ಕೂತರೆ, ಮಾವ ಅದಕ್ಕೆ ಬೈಯುತ್ತಿದ್ದರು: "ನಿನ್ನೊಬ್ಬನ ಸೀಟಾ ಅದು?" ಕೊನೆಗೆ ಎಲ್ಲ ಕೋಲುಗಳೂ ಒಂದೇ ಎತ್ತರದಲ್ಲಿರಬೇಕೆಂದು ತೀರ್ಮಾನವಾಯಿತು.

ಆದರೆ ಕೋಲಿನ ದಪ್ಪ ಎಷ್ಟು? ಮಾವ ಒಂದು ಕೋಳಿಯನ್ನೇ ಚೀಲದಲ್ಲಿ ಹಾಕಿಕೊಂಡು ಬಂಟ್ವಾಳದ ಮರದಂಗಡಿಗೆ ಬಂದರು. ಒಂದೊಂದು ಪಟ್ಟಿಯ ಮೇಲೂ ಅದನ್ನು ಕೂರಿಸಿ, ಬಗ್ಗಿ ಅದರ ಕಾಲಿನ ಬೆರಳು ಪರೀಕ್ಷಿಸಿದ್ದೇ ಪರೀಕ್ಷಿಸಿದ್ದು! ಅಂಗಡಿಯ ಯಜಮಾನರಾದ ಬ್ಯಾರಿಗಳು ತುಂಬ ಹೊತ್ತು ನೋಡಿ ವಿನಯದಿಂದ ಕೇಳಿದರು: "ಚಪ್ಪಲಿ ಅಂಗಡಿ ಆಚೆ ಬದಿಯಲ್ಲಿ ಉಂಟು, ತೋರಿಸ್ಲಾ?"

ಎದೆಯೆತ್ತರಕ್ಕೆ ಕೋಲುಗಳು ಕೂತ ಮೇಲೆ ಗಟ್ಟಿತನದ ಪರೀಕ್ಷೆ. ಮಾವ ಸ್ಟೂಲಿನ ಮೇಲೆ ನಿಂತು ಹತ್ತಿ ಕೂತರು. "ನೀನೂ ಬಾ, ಭಾರ ಸಾಲದು" ಎಂದು ನನ್ನನ್ನೂ ಎಳೆದು ಕೂರಿಸಿದರು. ಆಗಲೇ ಕರಿಬೇವು ಕೇಳಲು ಬಂದ ಪಕ್ಕದ ಮನೆಯ ಅಕ್ಕ ಬಾಗಿಲಲ್ಲಿ ನಿಂತು, "ಎಂತ, ಮಾವ ಅಳಿಯ ಒಟ್ಟಿಗೇ ಕಾವಿಗೆ ಕೂತದ್ದಾ?" ಎನ್ನಬೇಕೇ! ನಾನು ಮುಖ ಮುಚ್ಚಿಕೊಂಡೆ. ಮಾವ ಮಾತ್ರ ಗಂಭೀರವಾಗಿ, "ಇಲ್ಲ, ಟ್ರಯಲ್" ಎಂದರು.

ಕಳೆದ ತಿಂಗಳು ಹೋದರೆ, ಅಷ್ಟು ಕಷ್ಟಪಟ್ಟು ಕಟ್ಟಿದ ಕೋಲುಗಳೆಲ್ಲ ಮೊಣಕಾಲಿಗಿಂತ ಕೆಳಗೆ! ಕಂಬಗಳನ್ನೇ ಗರಗಸದಿಂದ ಕೊಯ್ದಿದ್ದರು.

"ಇದೆಂತ ಮಾವ?"

"ಆ ಕಪ್ಪು ಹೇಂಟೆಗೆ ನಾಯಿ ಕಚ್ಚಿತು. ಕಾಲು ಕುಂಟು. ಮೇಲೆ ಹಾರ್ಲಿಕ್ಕೆ ಆಗುವುದಿಲ್ಲ."

"ಅದೊಂದಕ್ಕೆ ಕೆಳಗೆ ಬೇರೆ ಕೋಲು ಕಟ್ಟಿದರೆ ಸಾಕಿತ್ತಲ್ಲ?"

"ಕಟ್ಟಿದ್ದೆ. ಒಂದೇ ಕೂತುಕೊಂಡು ಮೇಲೆ ನೋಡ್ತಾ ಇತ್ತು ಮಾರಾಯ. ನನಗೆ ನೋಡ್ಲಿಕ್ಕೆ ಆಗ್ಲಿಲ್ಲ."

ಹಿಂದೆ ಅಕ್ಕಿನುಚ್ಚಿನ ಪಾತ್ರೆ ಹಿಡಿದು, ಗೋಡೆಗೆ ಕೈಕೊಟ್ಟು ಅತ್ತೆ ನಿಂತಿದ್ದರು. "ನನ್ನ ಮಂಡಿ ಹಾಳಾದಾಗ ಇವರು ಮಾಳಿಗೆಯ ಮಂಚ ಕೆಳಗಿಳಿಸಿದ್ದೂ ಹೀಗೆಯೇ. ಮೇಲೆ ಸೆಕೆಯಂತೆ. ಡಿಸೆಂಬರಿನಲ್ಲಿ!" ಎಂದು ನಕ್ಕರು. ನಗುತ್ತಲೇ ಸೆರಗಿನಿಂದ ಕಣ್ಣೊರಸಿಕೊಂಡರು.

ಮಾವನಿಗೆ ಕಿವಿಯೇ ಕೇಳಿಸಲಿಲ್ಲ! ಬಗ್ಗಿ ಆ ಹೇಂಟೆಯನ್ನು ಎತ್ತಲು ಹೋದರು. ಅದು ಕೈಯಿಂದ ಕೊಸರಿಕೊಂಡು, ತಾನೇ ರೆಕ್ಕೆ ಬಡಿದು ಕೋಲು ಹತ್ತಿತು. ಪಕ್ಕದ ಕೋಳಿಗಳು ಚೂರು ಸರಿದು ಜಾಗ ಕೊಟ್ಟವು.