ಗಂಗಕ್ಕನ ಮಾವು ಮಸ್ಕತ್ತಿಗೆ ಹೊರಟದ್ದು

ಕಾರವಾರದಲ್ಲಿ ನಾನು ಝೆರಾಕ್ಸ್ ಅಂಗಡಿ ಇಟ್ಟು ಇಪ್ಪತ್ತೆರಡು ವರ್ಷವಾಯಿತು. ಸರ್ಕಾರ ಹೊರಡಿಸಿದ ಅರ್ಜಿಗಳಲ್ಲಿ ನನ್ನ ಮಷಿನ್ನಿನ ಹೊಟ್ಟೆಯೊಳಗೆ ಹೋಗಿ ಬಾರದ್ದು ಒಂದೂ ಇಲ್ಲ. ಹಾಗಾಗಿ ಜಗತ್ತಿನ ಯಾವ ವ್ಯವಹಾರವೂ ನನಗೆ ಕಷ್ಟವಲ್ಲ ಎಂದು ಪ್ರಾಮಾಣಿಕವಾಗಿ ನಂಬಿದ್ದೆ. ಇಂಥ ನಂಬಿಕೆ ಇಟ್ಟುಕೊಂಡು ಸುಮ್ಮನೆ ಅಂಗಡಿಯಲ್ಲಿ ಕುಳಿತಿದ್ದರೆ ಯಾರಿಗೂ ತೊಂದರೆ ಇರಲಿಲ್ಲ.

ಆದರೆ ‘ಅಂತಾರಾಷ್ಟ್ರೀಯ ವ್ಯಾಪಾರ: ಕೃಷಿಕರಿಗೆ ಹೊಸ ಅವಕಾಶಗಳು’ ಎಂಬ ಎರಡು ದಿನದ ತರಬೇತಿಗೆ ಹೋದೆ. ಹೋದದ್ದು ನೋಟ್ಸಿನ ಪ್ರತಿ ತಲುಪಿಸಲು. ಊಟ ಚೆನ್ನಾಗಿದೆ ಎಂದು ಗೊತ್ತಾಗಿ ಅಲ್ಲೇ ಕುಳಿತೆ. ಟೈ ಕಟ್ಟಿಕೊಂಡ ಭಾಷಣಕಾರರು ಮೇಜು ಕುಟ್ಟಿ ಹೇಳಿದರು: “ನಿಮ್ಮ ಜಿಲ್ಲೆಯಲ್ಲಿ ಏನಿಲ್ಲ? ಕಾಡಿದೆ, ಕಡಲಿದೆ, ಹಣ್ಣಿದೆ, ಮೀನಿದೆ. ಇಲ್ಲದ್ದು ಒಂದೇ. ದೃಷ್ಟಿ!” ನಾನು ಕನ್ನಡಕ ಸರಿಮಾಡಿಕೊಂಡೆ. ಎರಡನೇ ದಿನ ಸಂಜೆ ಪ್ರಮಾಣಪತ್ರ ಕೊಟ್ಟರು. ಅಂಗಡಿಗೆ ಬಂದು ನಾನೇ ಅದಕ್ಕೆ ಲ್ಯಾಮಿನೇಶನ್ ಮಾಡಿದೆ.

ಮನೆಯಲ್ಲಿ ವಿಷಯ ತಿಳಿಸಿದಾಗ ಹೆಂಡತಿ ಸುಮತಿ ತೆಂಗಿನಕಾಯಿ ತುರಿಯುತ್ತಿದ್ದಳು.

“ಎಂತಾ ಕಳಿಸ್ತ್ರಿ ಫಾರಿನ್ನಿಗೆ?”

“ಕರಿ ಇಶಾಡ! ಅಂಕೋಲೆ ಬಿಟ್ಟರೆ ಭೂಮಿಯ ಮೇಲೆ ಎಲ್ಲೂ ಆ ರುಚಿ ಇಲ್ಲ.”

“ನಿಮಗೆ ಸಂತೆಯಿಂದ ಹುಳ ಇಲ್ದಿದ್ದ ಬದನೆಕಾಯಿ ಆರಿಸಿ ತರೂಕೆ ಬರೂದಿಲ್ಲ. ಮಾವಿನಹಣ್ಣು ಫಾರಿನ್ನಿಗೆ ಕಳಿಸ್ತ್ರಾ?”

ದೃಷ್ಟಿ ಇಲ್ಲದವರ ಜೊತೆ ವಾದ ಮಾಡಬಾರದೆಂದು ಪ್ರಮಾಣಪತ್ರ ನೇತುಹಾಕಲು ಮೊಳೆ ಹುಡುಕಿದೆ.

ಮಾವು ನನ್ನದಲ್ಲ. ಅವರ್ಸಾದಲ್ಲಿರುವ ನನ್ನ ಅಕ್ಕ ಗಂಗಕ್ಕನದು. ಮನೆಯ ಹಿಂದೆ ಎರಡು ಮರ. ಪ್ರತಿ ಮೇ ತಿಂಗಳಲ್ಲಿ ಅವಳು ಅಂಕೋಲೆ ಬಸ್‌ಸ್ಟ್ಯಾಂಡಿನ ಹತ್ತಿರ ಬುಟ್ಟಿ ಇಟ್ಟು ಕುಳಿತರೆ ಮಧ್ಯಾಹ್ನದೊಳಗೆ ಬುಟ್ಟಿ ಖಾಲಿ. ಮೂವತ್ತು ವರ್ಷದ ಗಿರಾಕಿಗಳು. ಸುಂಕಸಾಳದ ಮಾಸ್ತರರೊಬ್ಬರು ಬಸ್ಸಿಳಿದವರೇ ಬೇರೆ ಬುಟ್ಟಿಗಳ ಕಡೆ ತಿರುಗಿಯೂ ನೋಡದೆ ಅವಳ ಹತ್ತಿರ ಬರುತ್ತಿದ್ದರು. ಮೂರು ವಾರದ ಹಂಗಾಮು. ಅವಳ ವರ್ಷದ ಗೌರವವೆಲ್ಲ ಅದರಲ್ಲೇ ಇತ್ತು. ಇದನ್ನು ನಾನು ಮಸ್ಕತ್ತಿಗೆ ಸಾಗಿಸಲು ಹೊರಟೆ.

“ತಮಾ, ಖರೇನಾ? ನಮ್ ಹಿತ್ಲ ಹಣ್ಣು ವಿಮಾನದಲ್ಲಿ ಹೋತದೆ?” ಎಂದು ಅಕ್ಕ ಕೇಳಿದಳು.

“ನೀನು ಸುಮ್ಮನೆ ನೋಡ್ತಾ ಇರು, ಅಕ್ಕಾ!” ಎಂದೆ.

ಅವಳು ಸುಮ್ಮನೆ ನೋಡುತ್ತಾ ಇರಲಿಲ್ಲ. ಬಸ್‌ಸ್ಟ್ಯಾಂಡಿಗೆ ಹೋಗಿ ಸಿಕ್ಕಿದ ಗಿರಾಕಿಗಳಿಗೆಲ್ಲ “ಈ ವರ್ಷ ಹಣ್ಣಿಲ್ಲ ಹಾಂ, ಎಲ್ಲಾ ಫಾರಿನ್ನಿಗೆ” ಎಂದು ಹೇಳಿ ಬಂದಳು. ಮಾಸ್ತರರಿಗೂ ಹೇಳಿದಳು. ಹೇಳುವಾಗ ಅವಳಿಗೆ ಎಷ್ಟು ಖುಷಿಯಾಗಿತ್ತೆಂದು ಆಮೇಲೆ ಪಕ್ಕದ ಬುಟ್ಟಿಯ ಹೆಂಗಸು ನನಗೆ ಹೇಳಿದಳು. ಅದನ್ನು ಕೇಳದಿದ್ದರೇ ಚೆನ್ನಾಗಿತ್ತು.

ಪರಿಚಯದವರ ಮೂಲಕ ಮಸ್ಕತ್ತಿನ ಒಬ್ಬ ಅಂಗಡಿಯವರು ಸಿಕ್ಕರು. ಎಂಬತ್ತು ಪೆಟ್ಟಿಗೆ, ಪೆಟ್ಟಿಗೆಗೆ ಹನ್ನೆರಡು ಹಣ್ಣು ಎಂದು ಮಾತಾಯಿತು. ಸರ್ಕಾರದಿಂದ ರಫ್ತುದಾರರ ನೋಂದಣಿ ನಂಬರು ತೆಗೆಸಿದೆ. ಮಾವಿನಹಣ್ಣಿಗೆ ಆರೋಗ್ಯ ಪ್ರಮಾಣಪತ್ರ ಬೇಕೆಂದರು. ನನ್ನ ಬಿಪಿ, ಶುಗರಿನ ಬಗ್ಗೆ ಇಷ್ಟು ಕಾಳಜಿಯಿಂದ ಯಾರೂ ವಿಚಾರಿಸಿಲ್ಲ! ಆದರೂ ಓಡಾಡಿ ವ್ಯವಸ್ಥೆ ಮಾಡಿದೆ.

ಗುರುವಾರ ಅಕ್ಕನ ಜಗಲಿಯಲ್ಲಿ ಪ್ಯಾಕಿಂಗು. ಅಕ್ಕಪಕ್ಕದ ಹೆಂಗಸರೆಲ್ಲ ಸೇರಿದ್ದರು. ಕರಿ ಇಶಾಡದ ಸಿಪ್ಪೆ ಬಹಳ ತೆಳು, ಹಣ್ಣಾದ ಮೇಲೆ ಎರಡು ಮೂರು ದಿನಕ್ಕಿಂತ ಹೆಚ್ಚು ತಡೆಯುವುದಿಲ್ಲ. ಅದಕ್ಕಾಗಿ ಒಂದೊಂದನ್ನೂ ಕಾಗದದಲ್ಲಿ ಸುತ್ತಿ ಕೂಸನ್ನು ಮಲಗಿಸುವ ಹಾಗೆ ಇಡುತ್ತಿದ್ದರು. ಅಷ್ಟರಲ್ಲಿ ಅಕ್ಕ ಕೈ ತಡೆದಳು.

“ತಮಾ, ಬರೀ ಹನ್ನೆರಡನಾ? ಕೊಸರು ಹಾಕೂದು ಬ್ಯಾಡ್ವಾ?”

ಡಜನ್ ಕೊಂಡವರಿಗೆ ಮೇಲೊಂದು ಹಣ್ಣು ಕೊಸರು ಕೊಡದೆ ಅಕ್ಕ ಜನ್ಮದಲ್ಲಿ ವ್ಯಾಪಾರ ಮಾಡಿದವಳಲ್ಲ.

“ಅಷ್ಟ್ ದೂರದವ್ರು ತಕಂತ್ರು. ಕೊಸರು ಇಲ್ದೆ ಹ್ಯಾಂಗ್ ಕೊಡೂದು? ನಾಚಿಕೆಯಾತದೆ ಮಾರಾಯ!”

ಇಲ್ಲಿ ನಾನು ‘ಬೇಡ’ ಎನ್ನಬೇಕಿತ್ತು. ಎರಡು ಅಕ್ಷರ. ಆದರೆ ತರಬೇತಿಯ ನೋಟ್ಸಿನಲ್ಲಿ ‘ಗ್ರಾಹಕನಿಗೆ ಅವನ ನಿರೀಕ್ಷೆಗಿಂತ ಹೆಚ್ಚು ಕೊಡಿ’ ಎಂದು ದಪ್ಪಕ್ಷರದಲ್ಲಿ ಇತ್ತು. ಆ ಹಾಳೆಯ ಅರವತ್ತು ಪ್ರತಿ ತೆಗೆದವನೇ ನಾನು. “ಹಾಕು ಅಕ್ಕಾ! ಪೆಟ್ಟಿಗೆಗೆ ಒಂದು! ಅಂಕೋಲೆಯವರು ಎಂಥವರು ಅಂತ ಅವರಿಗೂ ಗೊತ್ತಾಗಲಿ!” ಎಂದು ಘೋಷಿಸಿದೆ. ಹೆಂಗಸರು ಬಹಳ ಸಂತೋಷಪಟ್ಟು ದೊಡ್ಡ ಹಣ್ಣುಗಳನ್ನೇ ಆರಿಸಿ ಹಾಕಿದರು.

ಆರೋಗ್ಯ ಪ್ರಮಾಣಪತ್ರ ಕೊಡುವ ಕಚೇರಿಯ ತಪಾಸಣೆಯವರು ಎರಡು ಹಣ್ಣು ಕೊಯ್ದು, ಹುಳ ಇಲ್ಲವೆಂದು ಖಾತ್ರಿ ಮಾಡಿಕೊಂಡು ಎಂಬತ್ತು ಪೆಟ್ಟಿಗೆಗೂ ಸೀಲು ಹಾಕಿದರು. ಎಣಿಸುವುದು ಅವರ ಕೆಲಸವಲ್ಲ.

ಶುಕ್ರವಾರ ಮಧ್ಯಾಹ್ನ ನಾನೂ ಕಾಗದಪತ್ರ ನೋಡಿಕೊಳ್ಳಲು ಗೊತ್ತುಮಾಡಿದ್ದ ಏಜೆಂಟರೂ ವಿಮಾನ ನಿಲ್ದಾಣದ ಸರಕು ಶೆಡ್ಡಿಗೆ ತಲುಪಿದೆವು. ತಕ್ಕಡಿಯ ಮೇಲೆ ಪೆಟ್ಟಿಗೆ ಇಟ್ಟರು. ಕಾಗದದಲ್ಲಿ ಒಂದು ತೂಕ, ತಕ್ಕಡಿಯಲ್ಲಿ ಇನ್ನೊಂದು! ಕಸ್ಟಮ್ಸ್ ಅಧಿಕಾರಿಗಳು ಒಂದು ಪೆಟ್ಟಿಗೆ ಬಿಚ್ಚಿಸಿ ಎಣಿಸಿದರು. ಹದಿಮೂರು. ಇನ್ನೊಂದು ಬಿಚ್ಚಿದರು. ಹದಿಮೂರು.

“ಇದೇನು?” ಎಂದು ಹಿಂದಿಯಲ್ಲಿ ಕೇಳಿದರು.

“ಕೊಸರು ಸಾರ್,” ಎಂದೆ ಹೆಮ್ಮೆಯಿಂದ.

“ಪಟ್ಟಿಯಲ್ಲಿ ಇಲ್ಲವಲ್ಲ?”

“ಕೊಸರನ್ನು ಯಾರು ಸಾರ್ ಪಟ್ಟಿಯಲ್ಲಿ ಬರೀತಾರೆ? ಬರೆದರೆ ಅದು ಕೊಸರು ಹೇಗಾಗ್ತದೆ?”

ನನ್ನ ಏಜೆಂಟರು ಕಾಲು ತುಳಿದರು. ನಾನು ನಿಲ್ಲಿಸಲಿಲ್ಲ. ಲಿಖಿತ ವಿವರಣೆ ಕೊಡಿ ಎಂದಾಗ ನನ್ನೊಳಗಿನ ಅರ್ಜಿಬ್ರಹ್ಮ ಎದ್ದು ಕುಳಿತ. ಹೀಗೆ ಬರೆದೆ: ‘ಮಾನ್ಯರೇ, ಕೊಸರು ಎಂಬುದು ನಮ್ಮ ಭಾಗದಲ್ಲಿ ಅನಾದಿಕಾಲದಿಂದ ನಡೆದುಬಂದ ಸತ್ಸಂಪ್ರದಾಯವಾಗಿದ್ದು, ಇದರ ಹಿಂದೆ ಯಾವುದೇ ದುರುದ್ದೇಶ, ಕಳ್ಳಸಾಗಣೆ ಅಥವಾ ವಿದೇಶಿ ಶಕ್ತಿಗಳ ಕೈವಾಡ ಇರುವುದಿಲ್ಲವೆಂದು ಈ ಮೂಲಕ ದೃಢೀಕರಿಸುತ್ತೇನೆ.’

ಅಲ್ಲಿಯವರೆಗೆ ಅವರಿಗೆ ಕಳ್ಳಸಾಗಣೆಯ ಯೋಚನೆಯೇ ಬಂದಿರಲಿಲ್ಲ! ಏಜೆಂಟರು ಪತ್ರವನ್ನು ಹಿಂದಿಗೆ ಅನುವಾದಿಸಿ ಓದಿದ ಮೇಲೆ ಅಧಿಕಾರಿಗಳು ನನ್ನನ್ನು ಮೊದಲ ಸಲ ಸರಿಯಾಗಿ ನೋಡಿದರು. ಎಂಬತ್ತೂ ಪೆಟ್ಟಿಗೆ ಬಿಚ್ಚಬೇಕೆಂದು ಆದೇಶವಾಯಿತು. ಬಿಚ್ಚಿದರೆ ಸೀಲು ಹೋಯಿತು. ಸೀಲು ಹೋದರೆ ಆರೋಗ್ಯ ಪ್ರಮಾಣಪತ್ರ ರದ್ದು. ಹೊಸದು ಬೇಕೆಂದರೆ ಆ ಕಚೇರಿಗೆ ಶನಿವಾರ, ಭಾನುವಾರ ರಜೆ. ಅಧಿಕಾರಿಗಳು ಕೆಟ್ಟವರಲ್ಲ, ನನಗೆ ಚಹಾ ಕೊಡಿಸಿದರು. ನಾನು ಚಹಾ ಕುಡಿಯುತ್ತಿದ್ದಾಗ ಮಸ್ಕತ್ತಿನ ವಿಮಾನ ಹೋಯಿತು.

ಕಚೇರಿ ತೆರೆಯಲೆಂದು ಅಲ್ಲೇ ಕಾದು, ಹಣ್ಣು ಕೊಳೆತ ಮೇಲೆ ಸೋಮವಾರ ಪೆಟ್ಟಿಗೆಗಳನ್ನು ಅವರ್ಸಾಕ್ಕೆ ವಾಪಸ್ ತಂದೆ. ಟೆಂಪೋದಿಂದ ನೀರು ತೊಟ್ಟಿಕ್ಕುತ್ತಿತ್ತು. ಅಕ್ಕ ಒಂದು ಪೆಟ್ಟಿಗೆ ತೆರೆದಳು, ಮುಚ್ಚಿದಳು. ಇನ್ನೊಂದು ತೆರೆಯಲಿಲ್ಲ. ಬೈಯುತ್ತಾಳೆಂದು ಕಾದೆ. ಬೈದಿದ್ದರೆ ನನಗೆ ಉಪಕಾರವಾಗುತ್ತಿತ್ತು.

“ಊಟ ಮಾಡಿದ್ಯನಾ ತಮಾ?” ಎಂದಳು.

ಹಿತ್ತಿಲಲ್ಲಿ ಗುಂಡಿ ತೋಡಿ ನಾನೇ ಎಲ್ಲವನ್ನೂ ಸುರಿದೆ. ಅಕ್ಕ ಕಾಗದದಲ್ಲಿ ಸುತ್ತಿ ಮಲಗಿಸಿದ್ದ ಹಣ್ಣುಗಳು ಕೈಯಲ್ಲೇ ಕರಗುತ್ತಿದ್ದವು. ನನ್ನ ಮೇಲೆ ನನಗೇ ಹೇಸಿಗೆ ಬಂತು. ಅದೇ ಹೊತ್ತಿಗೆ ತರಬೇತಿಯ ವಾಟ್ಸಾಪ್ ಗುಂಪಿನಲ್ಲಿ ಆ ಟೈ ಭಾಷಣಕಾರರು ‘ನಮ್ಮ ಶಿಬಿರಾರ್ಥಿಯಿಂದ ಯಶಸ್ವಿ ರಫ್ತು’ ಎಂದು, ಪ್ಯಾಕಿಂಗಿನ ದಿನ ನಾನೇ ಕಳಿಸಿದ್ದ ನನ್ನ ಫೋಟೋ ಹಾಕಿದ್ದರು. ನಲವತ್ತೊಂದು ಜನ ಹೆಬ್ಬೆರಳು ಎತ್ತಿದ್ದರು. ನಾನು ಸತ್ಯ ಬರೆಯಲಿಲ್ಲ. ‘ಧನ್ಯವಾದಗಳು’ ಎಂದು ಬರೆದೆ!

ಮರದ ತುದಿಯಲ್ಲಿ ಒಂದು ಬುಟ್ಟಿಯಷ್ಟು ಹಣ್ಣು ಉಳಿದಿತ್ತು. ಆ ವಾರ ಅಕ್ಕ ಅದನ್ನೇ ಹೊತ್ತು ಬಸ್‌ಸ್ಟ್ಯಾಂಡಿಗೆ ಹೋದಳು. ನಾನೂ ಅಂಗಡಿ ಮುಚ್ಚಿ ಜೊತೆಗೆ ಹೋದೆ. “ಬನ್ನಿ, ಬನ್ನಿ! ರಫ್ತು ಗುಣಮಟ್ಟದ ಹಣ್ಣು!” ಎಂದು ಕೂಗಿದೆ.

“ನೀ ಬಾಯ್ ಬಿಡ್ಬ್ಯಾಡ,” ಅಂದಳು ಅಕ್ಕ. “ಕೊಡೆ ಹಿಡಿ.”

ಹಿಡಿದೆ. ಸುಂಕಸಾಳದ ಮಾಸ್ತರರು ಬಸ್ಸಿಳಿದರು. ಅಕ್ಕ ಎದ್ದು ನಿಂತಳು. ಅವರು ನಮ್ಮ ಬುಟ್ಟಿಯ ಕಡೆ ನೋಡದೆಯೇ ನಕ್ಕು, “ಏನ್ ಗಂಗಕ್ಕಾ, ಈ ವರ್ಷ ನಿನ್ ಹಣ್ಣು ನಮ್ಮಂಥವ್ರಿಗೆ ಎಲ್ಲಿ ಸಿಗ್ತದೆ!” ಎಂದು ಪಕ್ಕದ ಬುಟ್ಟಿಯಿಂದ ಎರಡು ಡಜನ್ ತೆಗೆದುಕೊಂಡು ಹೋದರು. ಚುಚ್ಚಿ ಮಾತಾಡಿದ್ದಲ್ಲ, ನಿಜವೆಂದೇ ನಂಬಿದ್ದರು. ಕರೆದು ಹೇಳೋಣವೆಂದು ನಾನು ಬಾಯಿ ತೆರೆದೆ. ಅಕ್ಕ ನನ್ನ ಮೊಣಕೈ ಹಿಡಿದು ಕೂರಿಸಿದಳು.

ಸಂಜೆಯವರೆಗೆ ಕುಳಿತರೂ ಅರ್ಧ ಬುಟ್ಟಿ ಉಳಿಯಿತು. ಮೂವತ್ತು ವರ್ಷದಲ್ಲಿ ಮೊದಲ ಸಲ ಅಕ್ಕ ಹಣ್ಣಿನ ಬುಟ್ಟಿ ಸಮೇತ ಅವರ್ಸಾದ ಬಸ್ಸು ಹತ್ತಿದಳು. ಹೆಂಗಸರಿಗೆ ಟಿಕೆಟ್ ಪುಕ್ಕಟೆ. ಕಂಡಕ್ಟರರು ಬಂದು ನಮ್ಮಿಬ್ಬರ ಕಾಲ ಬುಡ ನೋಡಿ ಕೇಳಿದರು.

“ಲಗೇಜು ಯಾರದ್ದು?”

“ನನ್ನದು,” ಎಂದು ಕಿಸೆಗೆ ಕೈ ಹಾಕಿದೆ.

“ಬುಟ್ಟಿ ನಂದು,” ಎಂದಳು ಅಕ್ಕ. ಆಮೇಲೆ ನನ್ನ ಕಡೆ ಗದ್ದ ತಿರುಗಿಸಿದಳು. “ಲಗೇಜು ಇದು.”

ಬಸ್ಸಿನಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಅಕ್ಕ ನಗಲಿಲ್ಲ.